ಬೆಕ್ಕಿನ ಕಿವಿಯಲ್ಲಿ ಕಪ್ಪು ಕೊಳೆ, ಎಣ್ಣೆ ಬಿಡಬಹುದಾ?

ಪ್ರಶ್ನೆ, ಮೂಡಿಗೆರೆಯಿಂದ:
ನಮ್ಮ ಚಿನ್ನಿ ಹಗಲೂ ರಾತ್ರಿ ತಲೆ ಕೊಡವುತ್ತಾಳೆ. ಕಿವಿಯೊಳಗೆ ಕಾಫಿ ಪುಡಿ ಉದುರಿಸಿದ ಹಾಗೆ ಕಪ್ಪು ಕೊಳೆ. ಹಿಂಗಾಲಲ್ಲಿ ಕೆರೆದು ಕೆರೆದು ಕಿವಿ ಹಿಂದೆ ಕೂದಲು ಉದುರಿ ಗೀರು ಬಿದ್ದಿದೆ. ಮುಟ್ಟಿದರೆ ಚೀರುತ್ತಾಳೆ, ನೋಡೋಕೆ ಆಗ್ತಿಲ್ಲ. ಅತ್ತೆ ಕೊಬ್ಬರಿ ಎಣ್ಣೆ ಬಿಡು ಅಂತಾರೆ. ಬಿಡಬಹುದಾ?

ಉತ್ತರ, ಹಾಸನದಿಂದ:
ಸದ್ಯಕ್ಕೆ ಏನೂ ಬಿಡಬೇಡಿ ಅಕ್ಕಾ. ಬಡ್ಸ್ ಅಂತೂ ಹಾಕಲೇಬೇಡಿ, ಕೊಳೆ ಇನ್ನೂ ಒಳಕ್ಕೆ ಹೋಗುತ್ತದೆ. ಕಿವಿ ನುಸಿ ಇರಬಹುದು. ಆದರೆ ಫಂಗಸ್ ಆದರೂ ಹೀಗೇ ಕಾಣುತ್ತದೆ, ಅಲ್ವಾ? ಡಾಕ್ಟರು ಕೊಳೆ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಲಿ. ಕಿವಿ ತಮಟೆಯನ್ನೂ ನೋಡಿಸಿ. ಅದು ಹರಿದಿದ್ದರೆ ಕೆಲವು ಡ್ರಾಪ್ಸ್ ಹಾಕುವಂತಿಲ್ಲ. ನಮ್ಮ ಬೆಕ್ಕಿಗೆ ಕತ್ತಿನ ಹಿಂದೆ ಹಾಕುವ ಸೆಲಾಮೆಕ್ಟಿನ್ ಅನ್ನೋ ನುಸಿ ಔಷಧಿ ಕೊಟ್ಟಿದ್ದರು. ನುಸಿ ಮೊಟ್ಟೆಯಿಂದ ಬೆಳೆಯೋಕೆ ಸುಮಾರು 3 ವಾರ ಬೇಕು. ಅದಕ್ಕೇ ಕೆರೆತ ನಿಂತಿತು ಅಂತ ಔಷಧಿ ಮಧ್ಯದಲ್ಲೇ ನಿಲ್ಲಿಸಬೇಡಿ.

ಉತ್ತರ, ಸಕಲೇಶಪುರದಿಂದ:
ಮನೆಯಲ್ಲಿ ಬೇರೆ ಬೆಕ್ಕು, ನಾಯಿ ಇದ್ದರೆ ಅವಕ್ಕೂ ಒಟ್ಟಿಗೇ ಔಷಧಿ ಮಾಡಿಸಿ, ಹರಡುತ್ತದೆ. ನಾಯಿಗೆ ತಂದ ಉಣ್ಣಿ ಔಷಧಿಯನ್ನು ಮಾತ್ರ ಚಿನ್ನಿಗೆ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇದ್ದರೆ ಬೆಕ್ಕಿಗೆ ವಿಷ. ತಲೆ ಒಂದೇ ಕಡೆ ವಾಲಿಸಿದರೆ, ಕಿವಿ ಊದಿಕೊಂಡರೆ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.