ಪದಚರ್ಚೆ: ಕಬ್ಬಿನ ಹೆಸರಲ್ಲಿರುವ ‘ಆರಮ್’ ಕನ್ನಡದಲ್ಲಿ ಹೇಗೆ? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಒಂದು ಶಾಲೆಯ ತೋಟಕ್ಕೆ ಗಿಡಗಳ ಬೋರ್ಡು ಬರೆದುಕೊಡುತ್ತಿದ್ದೇನೆ. ಲ್ಯಾಟಿನ್ ಹೆಸರಿನ ಕೆಳಗೆ ಒಂದೇ ಸಾಲಲ್ಲಿ ಅರ್ಥ ಬೇಕಂತೆ. ಶುಂಠಿ ‘ಜಿಂಜಿಬರ್ ಅಫಿಸಿನಾಲೆ’, ಕಬ್ಬು ‘ಸ್ಯಾಕರಮ್ ಅಫಿಸಿನಾರಮ್’. ಎರಡಕ್ಕೂ ‘ಔಷಧೀಯ’ ಅಂತ ಹಾಕಿದ್ದೆ. ಬಾಲ ಬೇರೆ ಬೇರೆ ಇರುವುದು ಈಗ ಕಣ್ಣಿಗೆ ಬಿತ್ತು. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾನೆ. ಏನು ಬರೆಸಲಿ?

*

ಶುಂಠಿಯದ್ದು ಗುಣವಾಚಕ. ಜಿಂಜಿಬರ್ ನಪುಂಸಕ, ಅದಕ್ಕೇ ‘ಆಲೆ’. ಅದನ್ನು ಮುಟ್ಟಬೇಡಿ.

ಕಬ್ಬಿನದ್ದು ನಾಮಪದ. ‘ಅಫಿಸಿನಾ’ ಅಂದರೆ ಮೊದಲು ಕೆಲಸದ ಮನೆ, ಆಮೇಲೆ ಮದ್ದಿನಂಗಡಿ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಈ ಹೆಸರಿಟ್ಟಾಗ ಅವನ ಮನಸ್ಸಿನಲ್ಲಿದ್ದದ್ದು ಮದ್ದಿನಂಗಡಿಯೇ. ‘ಆರಮ್’ ಷಷ್ಠೀ ಬಹುವಚನ: ‘ಅಂಗಡಿಗಳ’. ನಮ್ಮಲ್ಲಿ ‘ಗಳು’ ಒಂದು, ‘ಅ’ ಇನ್ನೊಂದು, ಬಿಡಿಸಿ ತೋರಿಸಬಹುದು. ಅಲ್ಲಿ ಒಂದೇ ಬಾಲದಲ್ಲಿ ಎರಡೂ ಸೇರಿಹೋಗಿವೆ. ಸುಮ್ನೆ ಬಾಯಿಪಾಠ ಮಾಡಬೇಕು. ‘ಅಫಿಸಿನೇ’ ಆಗಿದ್ದರೆ ಇನ್ನೂ ಕಷ್ಟ. ಅಂಗಡಿಯ, ಅಂಗಡಿಗೆ, ಅಂಗಡಿಗಳು, ಮೂರಕ್ಕೂ ಅದೇ ರೂಪ. ಸ್ಯಾಕರಮ್‌ನ ‘ಅಮ್’ ಬೇರೆ, ಅದು ಪ್ರಥಮಾ ಏಕವಚನ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

*

> ‘ಆರಮ್’ ಷಷ್ಠೀ ಬಹುವಚನ

ಷಷ್ಠಿ ಅಂದರೆ ಆರನೆಯದು. ಲ್ಯಾಟಿನ್ ವಿಭಕ್ತಿ ಪಟ್ಟಿಗಳಲ್ಲಿ ಅದು ಸಾಮಾನ್ಯವಾಗಿ ಎರಡನೆಯದು. ಹಳೆಯ ರೋಮಿನ ಪಂಡಿತ ವಾರ್ರೋ ‘ಆರನೆಯದು’ ಅಂದದ್ದು ನಮ್ಮ ‘ಇಂದ’ದ ಕೆಲಸ ಮಾಡುವ ರೂಪಕ್ಕೆ. ಸಂಸ್ಕೃತದ ನಂಬರನ್ನು ಕನ್ನಡಕ್ಕೆ ಅಂಟಿಸಿದ್ದು ಸಾಲದು ಅಂತ ಈಗ ಲ್ಯಾಟಿನ್‌ಗೂ ಅಂಟಿಸುತ್ತೀರಾ? ಬಹುವಚನಕ್ಕೂ ‘ಹಲವೆಣಿಕೆ’ ಅನ್ನಿ, ಮಕ್ಕಳಿಗೆ ಅರ್ಥವಾಗುತ್ತದೆ. ಅಫಿಸಿನಾಕ್ಕೆ ‘ಕಮ್ಮಟ’ ಅನ್ನಿ. ಕಮ್ಮಟ, ಕಮ್ಮಾರ, ಎಲ್ಲ ಕೈಕೆಲಸದ ಅಚ್ಚಗನ್ನಡ ಮಾತುಗಳು.

*

ಕಮ್ಮಟ ಅಂದರೆ ಟಂಕಸಾಲೆ. ಕಬ್ಬಿನಲ್ಲಿ ನಾಣ್ಯ ಹೊಡೆಯುತ್ತಾರಾ?

ಕಮ್ಮಾರ ಬಂದದ್ದು ಸಂಸ್ಕೃತದ ‘ಕರ್ಮಾರ’ದಿಂದ. ಎರಡಕ್ಕೂ ಬೇರು ಒಂದೇ ಅನ್ನುವುದಾದರೆ ಕಮ್ಮಟವನ್ನೂ ನೀವೇ ಅಲ್ಲಿಗೆ ಕಳಿಸಿದ ಹಾಗಾಯಿತು. ಅಷ್ಟಕ್ಕೂ ಸ್ಯಾಕರಮ್ ಯಾರ ಮಾತು? ‘ಶರ್ಕರಾ’ ಪ್ರಾಕೃತದಲ್ಲಿ ಸವೆದು ನಮಗೆ ‘ಸಕ್ಕರೆ’ ಆಯಿತು, ಗ್ರೀಕರ ಬಾಯಿಗೆ ಬಿದ್ದು ಲ್ಯಾಟಿನ್‌ಗೆ ಹೋಯಿತು. ಬೋರ್ಡಿನಲ್ಲಿ ಅಚ್ಚಗನ್ನಡ ಅಂತ ಇರುವುದು ‘ಕಬ್ಬು’ ಒಂದೇ.

*

ಸಕ್ಕರೆ ಜನರ ಬಾಯಲ್ಲಿ ಪಳಗಿ ಬಂದದ್ದು. ಷಷ್ಠಿ ಪಂಡಿತರು ತಂದು ಕೂರಿಸಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವವರ ಜೊತೆ ವಾದ ಬೇಡ.

*

ಸ್ವಾಮೀ, ಪ್ರಶ್ನೆ ಕೇಳಿದವರಿಗೆ ಬೇಕಾದದ್ದು ಒಂದು ಸಾಲು. ಬೇರು, ಬೆಲ್ಲ, ಹಿಪ್ಪಲಿ ಮಾರುವ ಅಂಗಡಿಗೆ ನಮ್ಮ ಊರಲ್ಲಿ ‘ಗ್ರಂಧಿಗೆ ಅಂಗಡಿ’ ಅಂತಾರೆ. ‘ಗ್ರಂಧಿಗೆ ಅಂಗಡಿಗಳ ಸಕ್ಕರೆ’ ಅಂತ ಬರೆಸಿ.

*

ಎಲ್ಲರಿಗೂ ಥ್ಯಾಂಕ್ಸ್. ಕೊನೆಯದನ್ನೇ ಕೊಟ್ಟೆ. ಜಾಗ ಸಾಲದು ಅಂತ ಪೇಂಟರ್ ‘ಗ್ರಂಧಿಗೆ ಅಂಗಡಿ ಸಕ್ಕರೆ’ ಅಂತ ಬರೆದು ಹೋಗಿದ್ದಾನೆ. ಹಲವೆಣಿಕೆಯೂ ಇಲ್ಲ, ಷಷ್ಠಿಯೂ ಇಲ್ಲ.