ಸಹಾಯ ಬೇಕು: ಹರಾಜಿನ ಕೆಎ-19 (ಮಂಗಳೂರು ನೋಂದಣಿ) ಕಾರು ತಗೊಳ್ಳಬಹುದಾ?

ನಮಸ್ಕಾರ, ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದವನು. ಸಾಲದ ಕಂತು ಕಟ್ಟದೆ ಜಪ್ತಿಯಾದ 2015ರ ಆಲ್ಟೋ ಒಂದು ಆನ್‌ಲೈನ್ ಹರಾಜಿಗೆ ಬಂದಿದೆ. ನಿನ್ನೆ ಮಂಗಳೂರಿನ ಯಾರ್ಡಿಗೆ ಹೋಗಿ ನೋಡಿದೆ. ಸ್ಟಾರ್ಟ್ ಮಾಡಲು ಬಿಡಲಿಲ್ಲ. ಡ್ರೈವರ್ ಕಡೆಯ ಮ್ಯಾಟ್ ಎತ್ತಿದರೆ ಅಡಿಯಲ್ಲಿ ಒಣಗಿದ ಕೆಸರಿನ ಗೆರೆ, ಸೀಟಿನ ಬೋಲ್ಟಿಗೆಲ್ಲ ತುಕ್ಕು. ನೆರೆನೀರು ಹೊಕ್ಕ ಗಾಡಿಯೋ ಏನೋ! ಇದ್ದ ಹಾಗೇ ತಗೊಳ್ಳಬೇಕು ಅನ್ನುವುದು ಷರತ್ತು, ಆಮೇಲೆ ತಕರಾರು ಮಾಡುವ ಹಾಗಿಲ್ಲ.

ಅದನ್ನು ಕೆಎಲ್-14 (ಕಾಸರಗೋಡು ನೋಂದಣಿ) ಮಾಡಿಸಲು ಮಂಗಳೂರು ಆರ್‌ಟಿಒ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಅದಕ್ಕೆ ಫಾರ್ಮ್ 28. ಇಲ್ಲಿ ತೆರಿಗೆಯೂ ಕಟ್ಟಬೇಕು. ಅಷ್ಟು ಗೊತ್ತು. ಆದರೆ ಹಳೇ ಮಾಲೀಕ ಸಹಿ ಹಾಕದಿದ್ದರೆ ಆರ್‌ಸಿ (ನೋಂದಣಿ ಪತ್ರ) ಮೊದಲು ಸಾಲ ಕೊಟ್ಟವರ ಹೆಸರಿಗೆ ಆಗಬೇಕಲ್ವಾ, ಫಾರ್ಮ್ 36ರಲ್ಲಿ? ಹೀಗೆ ಮಾಡಿಸಿದವರು ಯಾರಾದರೂ ಇದ್ದೀರಾ? ಎಷ್ಟು ದಿನ ಹಿಡಿಯಿತು? ಶುಕ್ರವಾರ ಹರಾಜು ಮುಗಿಯುತ್ತದೆ, ಅದರೊಳಗೆ ಹೇಳಿ ಮಾರಾಯ್ರೆ.