ಸಹಾಯ ಬೇಕು: ಗ್ರಂಥಾಲಯ ಸಪ್ತಾಹಕ್ಕೆ ಚಿಕ್ಕ ಮಕ್ಕಳಿಂದ ಏನು ಮಾಡಿಸಲಿ?

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಟೀಚರ್. ಒಟ್ಟು 43 ಮಕ್ಕಳು, ನಾವು ಇಬ್ಬರೇ. ನಮ್ಮ ಗ್ರಂಥಾಲಯ ಅಂದರೆ ಆಫೀಸ್ ರೂಮಿನ ಒಂದು ಕಬ್ಬಿಣದ ಬೀರು. ಜೂನ್‌ನಲ್ಲಿ ಧೈರ್ಯ ಮಾಡಿ ಬೀಗ ತೆಗೆದೆ. ಜಗಲಿಯಲ್ಲಿ ನೈಲಾನ್ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ತೆಳ್ಳನೆ ಪುಸ್ತಕಗಳನ್ನು ನೇತುಹಾಕಿದೆ. ಈಗ ಬಿಸಿಯೂಟ ಮುಗಿದರೆ ಅಲ್ಲೇ ಜಾತ್ರೆ. ನಾಲ್ಕು ಪುಸ್ತಕ ಹರಿದವು, ಒಂದಕ್ಕೆ ಸಾಂಬಾರಿನ ಕಲೆ. ಗೆದ್ದಲು ತಿನ್ನುವುದಕ್ಕಿಂತ ವಾಸಿ ಅಲ್ವಾ?

ನವೆಂಬರ್ 14ರಿಂದ 20 ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಮೊದಲ ದಿನವೇ ಮಕ್ಕಳ ದಿನಾಚರಣೆ. ಸುಮ್ನೆ ಭಾಷಣ ಮಾಡಿ, ಬಿಸ್ಕೆಟ್ ಹಂಚಿ ಮುಗಿಸಲು ಮನಸ್ಸಿಲ್ಲ. ಒಂದು ದಿನ ಊರಿನ ಅಜ್ಜಿಯರನ್ನು ಕರೆದು ಕಥೆ ಹೇಳಿಸಬೇಕು, ಅದನ್ನೇ ನಾಲ್ಕು, ಐದನೇ ಕ್ಲಾಸಿನವರು ಬರೆದು, ದಾರದಲ್ಲಿ ಹೊಲಿದು ಪುಸ್ತಕ ಮಾಡಬೇಕು ಅಂತಿದೆ.

ತೊಡಕು ಇರುವುದು ನಲಿ-ಕಲಿ (ಒಂದರಿಂದ ಮೂರನೇ ಕ್ಲಾಸಿನ) ಮಕ್ಕಳದ್ದು. ಜಾಸ್ತಿ ಜನಕ್ಕೆ ಇನ್ನೂ ಓದಲು ಬರುವುದಿಲ್ಲ. ಮೊನ್ನೆ ಒಬ್ಬಳು ಪುಸ್ತಕ ತಲೆಕೆಳಗೆ ಹಿಡಿದು, "ಮಿಸ್, ಆನೆ ಯಾಕೆ ಕಾಲು ಮೇಲೆ ಮಾಡಿದೆ?" ಅಂದಳು. ಆಮೇಲೆ ಅವಳೇ ಅದಕ್ಕೊಂದು ಕಥೆ ಕಟ್ಟಿದಳು! ಇಂಥವರಿಗೆ ಏನು ಚಟುವಟಿಕೆ ಮಾಡಿಸಬಹುದು? ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ, ಆದರೆ ಕಲರ್ ಪ್ರಿಂಟ್ ನಮಗೆ ದುಬಾರಿ. ಫೋನಿನಲ್ಲೇ ತೋರಿಸಿ ಓದಿದವರು ಇದ್ದೀರಾ?

ಇನ್ನೊಂದು, ಪುಸ್ತಕ ಮನೆಗೆ ಕೊಡುವ ಲೆಕ್ಕವನ್ನು ಮಕ್ಕಳೇ ಇಡುವಂಥ ಸುಲಭ ದಾರಿ ಗೊತ್ತಿದ್ದರೆ ತಿಳಿಸಿ. ನಿಮ್ಮ ಶಾಲೆಯ ಫೋಟೋ ಇದ್ದರೆ ಹಾಕಿ, ಪ್ಲೀಸ್.